ನಗರದ ರಸ್ತೆಯಲ್ಲಿ ಲಾರಿಯ ಎಡ ಮಗ್ಗುಲು: ಪದೇ ಪದೇ ಕೇಳುವ ಪ್ರಶ್ನೆಗಳು

ಟಿಪ್ಪರ್, ನೀರಿನ ಟ್ಯಾಂಕರ್, ಕಸದ ಲಾರಿ, ಕಾಂಕ್ರೀಟ್ ಮಿಕ್ಸರ್, ಕಂಟೇನರ್: ಬೆಂಗಳೂರಿನಲ್ಲಿ ಇವುಗಳ ನಡುವೆಯೇ ದಿನವೂ ಓಡಾಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಒಂದೆರಡು ಸಾಲು ಸಾಕು.

ಲಾರಿ ಅಪಘಾತಕ್ಕೆ ಅತಿವೇಗವೇ ಕಾರಣವಲ್ಲವೇ?

ಹೆದ್ದಾರಿಯಲ್ಲಿ ಬಹುಮಟ್ಟಿಗೆ ಹೌದು. ಗಿಜಿಗುಡುವ ಊರೊಳಗೆ ಲೆಕ್ಕ ಬೇರೆ. ಇಲ್ಲಿನ ಪತ್ರಿಕಾ ವರದಿಗಳನ್ನು ಸಾಲಾಗಿ ಓದುತ್ತಾ ಹೋದರೆ ಒಂದೇ ಬಗೆಯ ಘಟನೆ ಮತ್ತೆ ಮತ್ತೆ ಎದುರಾಗುತ್ತದೆ: ಸ್ಕೂಟರ್ ಲಾರಿಯ ಎಡಗಡೆಯಿಂದ ನುಸುಳುತ್ತದೆ, ಗುಂಡಿಯೋ ಮರಳೋ ಸಿಕ್ಕಿ ಜಾರುತ್ತದೆ, ಸವಾರ ಬಲಕ್ಕೆ ಬೀಳುತ್ತಾನೆ, ಹಿಂದಿನ ಚಕ್ರ ಹರಿಯುತ್ತದೆ. ಆ ಕ್ಷಣದಲ್ಲಿ ಲಾರಿ ಗಂಟೆಗೆ ಹದಿನೈದು ಕಿ.ಮೀ. ವೇಗದಲ್ಲಿದ್ದಿರಬಹುದು, ಸಿಗ್ನಲ್ ಬಿಟ್ಟು ಆಗಷ್ಟೇ ಹೊರಟಿರಬಹುದು. ಹದಿನೆಂಟು ಟನ್ ತೂಕದ ಗಾಡಿಗೆ ಕೊಲ್ಲಲು ವೇಗದ ಅಗತ್ಯವಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದವರು ಶೇ 44ಕ್ಕೂ ಹೆಚ್ಚು, ಪಾದಚಾರಿಗಳು ಶೇ 19ಕ್ಕೂ ಹೆಚ್ಚು. ಮೈಮೇಲೆ ತಗಡಿನ ಹೊದಿಕೆ ಇಲ್ಲದವರೇ ಸಾಯುತ್ತಿದ್ದಾರೆ. ಹೀಗಾಗಿ ನಗರದ ಮಟ್ಟಿಗೆ ಮೊದಲು ಕೇಳಬೇಕಾದದ್ದು ಲಾರಿಯವನಿಗೆ ಪಕ್ಕದಲ್ಲಿರುವವರು ಕಾಣುತ್ತಾರೆಯೇ, ಬಿದ್ದವರು ಚಕ್ರದಡಿ ಹೋಗದಂತೆ ಏನಾದರೂ ತಡೆ ಇದೆಯೇ ಎಂಬುದನ್ನು.

ಅಷ್ಟು ಎತ್ತರದಲ್ಲಿ ಕೂತ ಚಾಲಕನಿಗೆ ನಾವು ಕಾಣದಿರುವುದು ಹೇಗೆ?

ಎತ್ತರದಲ್ಲಿ ಕೂತಿರುವುದರಿಂದಲೇ. ನಿಂತ ಟಿಪ್ಪರಿನ ಸೀಟಿನಲ್ಲಿ ಒಮ್ಮೆ ಕೂತು ನೋಡಿದರೆ ಸಂಶಯ ಉಳಿಯುವುದಿಲ್ಲ. ದೂರದ ಮೇಲ್ಸೇತುವೆ, ಮುಂದಿನ ಬಸ್ಸಿನ ನೆತ್ತಿ ಎಲ್ಲವೂ ಕಾಣುತ್ತವೆ. ಬಂಪರಿಗೆ ತಾಗಿದಂತೆ ರಸ್ತೆ ದಾಟುತ್ತಿರುವ ಗಿಡ್ಡ ಹೆಂಗಸು ಕಾಣುವುದಿಲ್ಲ. ಎಡ ಬಾಗಿಲಿನ ಕೆಳಗೆ ನಿಂತ ಸ್ಕೂಟರ್ ಕಾಣುವುದಿಲ್ಲ. ನಮ್ಮಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಎಡ ಮಗ್ಗುಲು ಪೂರ್ತಿ ಒಂದೆರಡು ಕನ್ನಡಿಗಳ ಪಾಲು. ಆ ಕನ್ನಡಿಗೆ ಜಲ್ಲಿಯ ದೂಳು ಮೆತ್ತಿರುತ್ತದೆ. ಗಾಜಿನ ಮೇಲ್ಭಾಗದಲ್ಲಿ ದೇವರ ಪಟ, ಹೂವಿನ ಮಾಲೆ, ಝರಿಯ ಕುಚ್ಚು. ಭಕ್ತಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆ ಮಾಲೆ ಎಡ ಕನ್ನಡಿಗೆ ಅಡ್ಡ ಬಾರದಂತೆ ತೂಗಲಿ ಎಂದಷ್ಟೇ ಕೇಳಿಕೊಳ್ಳಬಹುದು.

ಹಿಂದೆ ಈ ಕೊರತೆಯನ್ನು ತುಂಬುತ್ತಿದ್ದವನು ಕ್ಲೀನರ್. ಎಡ ಕಿಟಕಿಯಿಂದ ತಲೆ ಹೊರಹಾಕಿ, ಬಾಗಿಲಿನ ತಗಡನ್ನು ಅಂಗೈಯಿಂದ ಬಡಿಯುತ್ತಾ ‘ರೈಟ್ ರೈಟ್’ ಎನ್ನುತ್ತಿದ್ದ ಹುಡುಗನನ್ನು ಈಗಿನ ಎಷ್ಟೋ ಲಾರಿಗಳಲ್ಲಿ ಕಾಣಲಾರಿರಿ. ಬಾಡಿಗೆ ಗಿಟ್ಟುವುದಿಲ್ಲವೆಂದು ಮಾಲೀಕರು ಅವನ ಸಂಬಳ ಉಳಿಸಿದರು. ಆ ಜಾಗಕ್ಕೆ ಕ್ಯಾಮೆರಾವನ್ನಾದರೂ ತಂದರೇ ಎಂದರೆ, ಅದೂ ಇಲ್ಲ.

ಹಾಗಾದರೆ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು?

ಸಿಗ್ನಲ್‌ನಲ್ಲಿ ಲಾರಿಯ ಎಡಕ್ಕೆ ನಿಲ್ಲಬೇಡಿ. ಮೂತಿಯ ಮುಂದೆ ನಿಲ್ಲಬೇಡಿ. ಹಿಂದೆಯೇ ಉಳಿಯಿರಿ, ಅದೂ ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣುವಷ್ಟು ದೂರದಲ್ಲಿ. ನಿಮಗೆ ಅವನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುವುದಿಲ್ಲ.

ಎಡಕ್ಕೆ ತಿರುಗುವ ಲಾರಿ ಮೊದಲು ಬಲಕ್ಕೇಕೆ ಹೋಗುತ್ತದೆ?

ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲೇ ಸಾಗುವುದಿಲ್ಲ. ಒಳಗಿನಿಂದ ಕೊಯ್ದುಕೊಂಡು ಬರುತ್ತವೆ. ಟ್ರೈಲರ್ ಆದರೆ ಈ ವ್ಯತ್ಯಾಸ ಒಂದು ಮೀಟರಿಗೂ ಹೆಚ್ಚು. ಮೂಲೆಯ ಕಂಬಕ್ಕೋ ಫುಟ್‌ಪಾತಿಗೋ ತಾಗದಿರಲೆಂದು ಚಾಲಕ ಮೊದಲು ಬಲಕ್ಕೆ ಅಗಲವಾಗಿ ಎಳೆದುಕೊಳ್ಳುತ್ತಾನೆ. ಹಿಂದಿದ್ದ ಬೈಕಿನವನಿಗೆ ಎಡಗಡೆ ಬಾಗಿಲು ತೆರೆದಂತೆ ಕಾಣುತ್ತದೆ. ಅವನು ಒಳನುಗ್ಗುವುದಕ್ಕೂ ಲಾರಿ ಎಡಕ್ಕೆ ಮುಚ್ಚಿಕೊಳ್ಳುವುದಕ್ಕೂ ಸರಿಹೋಗುತ್ತದೆ. ಇಂಡಿಕೇಟರ್ ಹಾಕಿದ್ದರೂ ಎಷ್ಟೋ ಬಾರಿ ದೀಪದ ಮೇಲೆ ಸಿಮೆಂಟಿನ ಕೆಸರು ಒಣಗಿರುತ್ತದೆ. ತಿರುವಿನ ಬಳಿ ಲಾರಿ ಬಲಕ್ಕೆ ವಾಲಿದರೆ ಅದು ಎಡಕ್ಕೆ ತಿರುಗಲಿದೆ ಎಂದೇ ತಿಳಿಯಿರಿ.

ಗಕ್ಕನೆ ಬ್ರೇಕ್ ಹಾಕಿದರೆ ಲಾರಿ ನಿಲ್ಲುವುದಿಲ್ಲವೇ?

ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಚಾಲಕ ಕಂಡು ಕಾಲಿಡಲು ಒಂದು ಸೆಕೆಂಡ್. ಏರ್ ಬ್ರೇಕಿನ ಗಾಳಿ ಕೊಳವೆಗಳಲ್ಲಿ ಸಾಗಿ ಹಿಂದಿನ ಚಕ್ರಗಳನ್ನು ಹಿಡಿಯಲು ಸುಮಾರು ಅರ್ಧ ಸೆಕೆಂಡ್. ಆಮೇಲೆ, ಬ್ರೇಕ್ ಮತ್ತು ಟೈರ್ ಚೆನ್ನಾಗಿದ್ದರೆ ಇನ್ನೊಂದು ಹನ್ನೆರಡು ಮೀಟರ್. ಎಲ್ಲ ಸೇರಿ ಮೂವತ್ತು ಮೀಟರ್ ಹತ್ತಿರ, ಅಂದರೆ ಎರಡೂವರೆ ಬಿಎಂಟಿಸಿ ಬಸ್ಸಿನ ಉದ್ದ. ವೇಗ 60 ಆದರೆ ಐವತ್ತು ಮೀಟರ್ ದಾಟುತ್ತದೆ. ಲಾರಿ ಬಿಟ್ಟುಕೊಂಡಿರುವ ಅಂತರವನ್ನು ಖಾಲಿ ಜಾಗವೆಂದು ಭಾವಿಸಿ ಕಾರು, ಆಟೊಗಳು ತೂರಿಕೊಳ್ಳುವುದು ನಮ್ಮೂರಿನ ರೂಢಿ. ಚಾಲಕನ ಪಾಲಿಗೆ ಆ ಅಂತರವೇ ಬ್ರೇಕ್.

ಇಳಿಜಾರಿನಲ್ಲಿ ‘ಬ್ರೇಕ್ ಫೇಲ್’ ಎನ್ನುವುದು ನಿಜವೇ, ನೆಪವೇ?

ಎರಡೂ ಇರುತ್ತದೆ. ಬೆಂಗಳೂರಿನಿಂದ ತುಮಕೂರು, ಹುಬ್ಬಳ್ಳಿ, ಬೆಳಗಾವಿ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಪುಣೆಯನ್ನು ಹೊಕ್ಕುವಲ್ಲಿ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗೆ ದೀರ್ಘ ಇಳಿಜಾರಿದೆ. ಡೀಸೆಲ್ ಉಳಿಸಲು ಚಾಲಕರು ಅಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಡುವುದುಂಟು. ಆಗ ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಲೈನರ್ ಕಾದು ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. 2022ರ ನವೆಂಬರಿನಲ್ಲಿ ಅಲ್ಲಿ ಒಂದು ಲಾರಿ ಸಾಲುಸಾಲು ವಾಹನಗಳಿಗೆ ಗುದ್ದಿತು. 2025ರ ನವೆಂಬರಿನಲ್ಲಿ ಮತ್ತೆ ಭೀಕರ ಅಪಘಾತವಾಯಿತು. ನಮ್ಮ ಮೇಲ್ಸೇತುವೆಗಳ ಇಳಿಜಾರು ಅಷ್ಟು ಉದ್ದವಿಲ್ಲ, ಆದರೆ ಕೆಳಗಿಳಿದ ಕೂಡಲೇ ಸಿಗ್ನಲ್ ಅಥವಾ ಬಸ್ ನಿಲ್ದಾಣ ಇರುವ ಕಡೆ ಇದೇ ಅಪಾಯ ಸಣ್ಣ ಪ್ರಮಾಣದಲ್ಲಿ ಇದ್ದೇ ಇದೆ.

ಹೆಲ್ಮೆಟ್ ಹಾಕಿದ್ದರೆ ಸಾಕಲ್ಲವೇ?

ತಲೆ ನೆಲಕ್ಕೆ ಬಡಿಯುವುದರಿಂದ ಹೆಲ್ಮೆಟ್ ಕಾಪಾಡುತ್ತದೆ, ಆದ್ದರಿಂದ ಹಾಕಲೇಬೇಕು. ಹಿಂಬದಿ ಸವಾರರೂ ಹಾಕಬೇಕು. ಕರ್ನಾಟಕದಲ್ಲಿ 2016ರ ಜನವರಿಯಿಂದ ಅವರಿಗೂ ಕಡ್ಡಾಯ. ಲಾರಿಯ ಚಕ್ರ ಹರಿದರೆ ಯಾವ ಹೆಲ್ಮೆಟ್ಟೂ ತಡೆಯಲಾರದು.

ಲಾರಿಯ ಪಕ್ಕದ ಕಬ್ಬಿಣದ ಪಟ್ಟಿ ಯಾತಕ್ಕೆ?

ಅದೇ ಸೈಡ್ ಗಾರ್ಡ್. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ತೆರವಿಗೆ ಅಡ್ಡ ನಿಂತು, ಬಿದ್ದವರು ಒಳಹೋಗದಂತೆ ಹೊರಕ್ಕೆ ತಳ್ಳುವುದು ಅದರ ಕೆಲಸ. ಭಾರತದಲ್ಲಿ ಅದಕ್ಕೆ ಐಎಸ್ 14682 ಎಂಬ ಮಾನಕವಿದೆ, ಹಿಂಬದಿಯ ತಡೆಗೆ ಐಎಸ್ 14812. ಕಾಗದದ ಮೇಲೆ ಎಲ್ಲವೂ ಇದೆ.

ಇನ್ನು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತು ಟಿಪ್ಪರುಗಳ ಪಕ್ಕೆಯನ್ನು ನೋಡಿ. ಒಂದರ ಗಾರ್ಡ್ ಮೇಲಕ್ಕೆ ಬಾಗಿದೆ, ಮನುಷ್ಯ ಆರಾಮವಾಗಿ ಕೆಳಗೆ ತೂರಬಹುದು. ಇನ್ನೊಂದರ ಪಟ್ಟಿಯನ್ನು ಬೈಂಡಿಂಗ್ ತಂತಿಯಿಂದ ಕಟ್ಟಿದ್ದಾರೆ, ಅದರ ಮೇಲೆ ನೀರಿನ ಕ್ಯಾನ್ ತೂಗುತ್ತಿದೆ. ಮೂರನೆಯದಕ್ಕೆ ಗಾರ್ಡೇ ಇಲ್ಲ, ಬೋಲ್ಟಿನ ತೂತುಗಳು ಮಾತ್ರ. ಕ್ವಾರಿಯ ಏರುತಗ್ಗಿನಲ್ಲಿ ನೆಲಕ್ಕೆ ತಾಗುತ್ತದೆಂದು ಬಿಚ್ಚಿಟ್ಟವರು ಎಫ್‌ಸಿ (ಗಾಡಿಯ ಸುಸ್ಥಿತಿ ಪ್ರಮಾಣಪತ್ರ) ಮಾಡಿಸುವ ದಿನ ಮತ್ತೆ ಜೋಡಿಸುತ್ತಾರೆ. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ. ನಡುವಿನ ದಿನಗಳಲ್ಲಿ ಸೈಡ್ ಗಾರ್ಡ್ ಇಲ್ಲವೆಂದು ಲಾರಿಯನ್ನು ತಡೆದು ನಿಲ್ಲಿಸಿದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ಹೆಲ್ಮೆಟ್ಟಿಗೆ ದಿನಕ್ಕೆಷ್ಟು ದಂಡ ಬೀಳುತ್ತದೋ ಅದರ ನೂರನೇ ಒಂದು ಪಾಲು ಗಮನ ಇದಕ್ಕೆ ಸಿಕ್ಕಿದ್ದರೂ ಕೆಲವು ಜೀವಗಳು ಉಳಿಯುತ್ತಿದ್ದವು ಎಂದು ನನ್ನ ನಂಬಿಕೆ.

ನೀರಿನ ಟ್ಯಾಂಕರ್ ಮತ್ತು ಮಿಕ್ಸರ್‌ಗಳಲ್ಲಿ ವಿಶೇಷ ಅಪಾಯವೇನಾದರೂ ಇದೆಯೇ?

ಇದೆ. ಅರ್ಧ ಖಾಲಿಯಾದ ಟ್ಯಾಂಕರಿನಲ್ಲಿ ನೀರು ಹಿಂದಕ್ಕೂ ಮುಂದಕ್ಕೂ ಅಪ್ಪಳಿಸುತ್ತದೆ. ಬ್ರೇಕ್ ಹಾಕಿ ನಿಂತ ಮೇಲೂ ನೀರಿನ ರಭಸ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ತಿರುವಿನಲ್ಲಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಮಿಕ್ಸರಿನದು ಬೇರೆ ತೊಂದರೆ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2.4 ಟನ್ ತೂಗುತ್ತದೆ. ಆರು ಘನ ಮೀಟರ್ ತುಂಬಿದ ಡ್ರಮ್ಮು ಎತ್ತರದಲ್ಲಿ ಕೂತು ತಿರುಗುತ್ತಲೇ ಇರುತ್ತದೆ, ಹಾಗಾಗಿ ಗಾಡಿ ಬಲುಬೇಗ ಮಗುಚುತ್ತದೆ. 2023ರ ಫೆಬ್ರುವರಿಯಲ್ಲಿ ಬನ್ನೇರುಘಟ್ಟ–ಕಗ್ಗಲೀಪುರ ರಸ್ತೆಯಲ್ಲಿ ಮಿಕ್ಸರ್ ಕಾರಿನ ಮೇಲೆ ಉರುಳಿ ತಾಯಿ, ಮಗಳು ಸತ್ತರು. ಕಾಂಕ್ರೀಟು ಗಟ್ಟಿಯಾಗುವ ಮೊದಲು ಸೈಟ್ ಮುಟ್ಟಬೇಕೆಂಬ ಅವಸರ ಬೇರೆ ಸೇರಿಕೊಂಡಿರುತ್ತದೆ.

ದೊಡ್ಡ, ಸುರಕ್ಷಿತ ಕಾರು ಕೊಂಡರೆ?

2024ರ ಡಿಸೆಂಬರಿನಲ್ಲಿ ನೆಲಮಂಗಲದ ಬಳಿ ಕಂಟೇನರ್ ಲಾರಿ ಉರುಳಿ ಬಿದ್ದದ್ದು ಸುರಕ್ಷತೆಗೆ ಹೆಸರಾದ ಕಂಪನಿಯ ದೊಡ್ಡ ಕಾರಿನ ಮೇಲೆ. ಒಳಗಿದ್ದ ಆರೂ ಜನ ಉಳಿಯಲಿಲ್ಲ. ಕಾರಿನ ಪರೀಕ್ಷೆಗಳು ಡಿಕ್ಕಿಯನ್ನು ಲೆಕ್ಕ ಹಾಕುತ್ತವೆ, ಮೇಲಿನಿಂದ ಬೀಳುವ ಕಂಟೇನರನ್ನಲ್ಲ. ಕಂಟೇನರಿನ ಮಗ್ಗುಲಲ್ಲೇ ಸಾಗಬೇಡಿ, ಬೇಗ ದಾಟಿ ಅಥವಾ ಹಿಂದುಳಿಯಿರಿ.

ಕಸದ ಲಾರಿಗಳ ಮೇಲೆ ಇಷ್ಟು ದೂರು ಏಕೆ?

2022ರಲ್ಲಿ ಆಗಿನ ಬಿಬಿಎಂಪಿಯ ಕಸದ ಲಾರಿಗಳಿಗೆ ಸಿಕ್ಕಿ ಕೆಲವೇ ತಿಂಗಳುಗಳಲ್ಲಿ ಹಲವರು ಸತ್ತರು. ಮಾರ್ಚ್‌ನಲ್ಲಿ ಹೆಬ್ಬಾಳದ ಬಳಿ ಸತ್ತವಳು ಶಾಲೆಯ ಹುಡುಗಿ. ಅಲ್ಲಿನ ಪಾದಚಾರಿ ಸುರಂಗದಲ್ಲಿ ಮಳೆನೀರು ನಿಂತಿತ್ತು. ಜನ ಮೇಲಿನ ರಸ್ತೆಯನ್ನೇ ದಾಟಬೇಕಾಗಿತ್ತು. ಲಾರಿಯ ಚಾಲಕನ ಮೇಲೆ ಕೇಸಾಯಿತು. ನೀರು ಎತ್ತಿಸದವರ ಹೆಸರು ಇಂಥ ಎಫ್‌ಐಆರ್‌ಗಳಲ್ಲಿ ಬರುವುದಿಲ್ಲ.

ಗುತ್ತಿಗೆ ಗಾಡಿ, ಹಳೆಯ ಟೈರು, ಬೆಳಗಿನ ಜಾವ ಶುರುವಾಗಿ ಶಾಲೆ–ಕಚೇರಿ ಹೊತ್ತಿನವರೆಗೂ ಎಳೆಯುವ ಕೆಲಸ, ಡಂಪಿಂಗ್ ಜಾಗದಲ್ಲಿ ಗಂಟೆಗಟ್ಟಲೆ ಸಾಲು, ಆ ಹೊತ್ತನ್ನು ರಸ್ತೆಯಲ್ಲಿ ಸರಿದೂಗಿಸುವ ಓಟ: ಇವೆಲ್ಲ ಕೂಡಿ ಆ ಲಾರಿಗಳಿಗೆ ಕೆಟ್ಟ ಹೆಸರು ತಂದಿವೆ.

ಹಗಲು ಹೊತ್ತಿನ ನಿಷೇಧದಿಂದ ಪ್ರಯೋಜನವಿದೆಯೇ?

ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳನ್ನು ತಡೆಯುವುದರಿಂದ ಶಾಲೆಯ ಮಕ್ಕಳಿಗೂ ಕಚೇರಿಗೆ ಹೋಗುವವರಿಗೂ ಲಾಭವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಡೆದ ಲಾರಿ ಮಾಯವಾಗುವುದಿಲ್ಲ. ನೆಲಮಂಗಲ, ಅತ್ತಿಬೆಲೆ, ಹೊಸಕೋಟೆಯ ಕಡೆ ಸಾಲುಗಟ್ಟಿ ನಿಂತು ‘ನೋ ಎಂಟ್ರಿ’ ಮುಗಿದ ನಿಮಿಷಕ್ಕೆ ಒಟ್ಟಿಗೇ ಒಳನುಗ್ಗುತ್ತವೆ. ಅಷ್ಟರಲ್ಲಿ ಚಾಲಕನ ಅರ್ಧ ನಿದ್ದೆ ಹಾಳಾಗಿರುತ್ತದೆ. ಟ್ರಿಪ್ ಲೆಕ್ಕದ ಟಿಪ್ಪರಿನವನಿಗೆ ಎರಡು ನಿಷೇಧಗಳ ನಡುವಿನ ಗಂಟೆಗಳೇ ಸಂಪಾದನೆಯ ಹೊತ್ತು.

ಊರಿಗೆ ಕೆಲಸವೇ ಇಲ್ಲದ, ಬರೀ ಹಾದುಹೋಗುವ ಲಾರಿಗಳನ್ನು ಹೊರಗಿನಿಂದಲೇ ಕಳಿಸುವುದು ಇದಕ್ಕಿಂತ ಮೇಲು. ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ಹೊಸಕೋಟೆ ಭಾಗ ತೆರೆದಿರುವುದರಿಂದ ಉತ್ತರದ ಕಡೆ ಸ್ವಲ್ಪ ಉಸಿರಾಡುವಂತಾಗಿದೆ. ಪೆರಿಫೆರಲ್ ರಿಂಗ್ ರಸ್ತೆಯಾದರೋ ಸುಮಾರು ಎರಡು ದಶಕಗಳಿಂದ ನಕ್ಷೆಯಲ್ಲೇ ಓಡುತ್ತಿದೆ. ಪೀಣ್ಯ ಮೇಲ್ಸೇತುವೆಯ ಕೇಬಲ್ ಕೆಟ್ಟು 2021ರ ಡಿಸೆಂಬರಿನಲ್ಲಿ ಮುಚ್ಚಿದಾಗ ಲಾರಿಗಳೆಲ್ಲ ಕೆಳಗಿನ ರಸ್ತೆಗೆ, ಪಾದಚಾರಿಗಳ ನಡುವಿಗೆ ಇಳಿದವು. ಭಾರಿ ವಾಹನಗಳಿಗೆ ಅದು ಮತ್ತೆ ತೆರೆದದ್ದು 2024ರ ಜುಲೈ ಕೊನೆಗೆ.

ಹೆಚ್ಚು ಭಾರ ಹೇರಿದರೆ ದಂಡವೆಷ್ಟು?

20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಸರಕನ್ನು ಅಲ್ಲೇ ಇಳಿಸಬೇಕು. ಎರಡು ಆಕ್ಸೆಲ್ ಲಾರಿಯ ಒಟ್ಟು ತೂಕದ ಮಿತಿಯನ್ನು 2018ರ ಜುಲೈಯಲ್ಲೇ 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿಯಾಗಿದೆ. ಆಮೇಲೂ ಹಲಗೆಯ ಮೇಲೆ ಗೋಪುರದಂತೆ ಎಂ-ಸ್ಯಾಂಡ್ ಏರಿಸುವವರಿಗೆ ಕಮ್ಮಿಯಿಲ್ಲ. ತಾಡಪಾಲು ಹೊದಿಸದ ಮರಳು ರಸ್ತೆಗೆ ಸುರಿದು, ಹಿಂದೆ ಬರುವ ಬೈಕು ಅದರ ಮೇಲೆಯೇ ಜಾರುತ್ತದೆ.

ತಪ್ಪೆಲ್ಲ ಚಾಲಕನದೇ ಅಲ್ಲವೇ?

ಕುಡಿದು ಓಡಿಸಿದವನ, ಮೊಬೈಲ್ ಹಿಡಿದವನ ತಪ್ಪು ಅವನದೇ. ಉಳಿದಂತೆ ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ನೋಡಬೇಕು. ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯ್ದೆ 2025ರ ನವೆಂಬರಿನವರೆಗೆ ಜಾರಿಯಲ್ಲಿತ್ತು: ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಯ ದುಡಿಮೆಯ ನಂತರ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ಟ್ರಿಪ್ಪಿಗಿಷ್ಟು ಎಂದು ಕೂಲಿ ಕೊಡುವ ಕಡೆ ಈ ಕಾಯ್ದೆಯ ಮಾತೆತ್ತಿದರೆ ನಗುತ್ತಿದ್ದರು. ಡಂಪರ್ ಮತ್ತು ಟ್ಯಾಂಕರುಗಳಿಗೆ ಗಂಟೆಗೆ 60 ಕಿ.ಮೀ. ಮೀರದಂತೆ ವೇಗ ನಿಯಂತ್ರಕ ಇರಬೇಕು. ಅದರ ವೈರು ಕೀಳಿಸುವವನು ಸಾಮಾನ್ಯವಾಗಿ ಚಾಲಕನಲ್ಲ. ಕ್ಯಾಬಿನ್ನಿಗೆ ಎಸಿ ಕಡ್ಡಾಯವಾದದ್ದು ತೀರ ಈಚೆಗೆ, 2025ರ ಅಕ್ಟೋಬರ್ 1ರಿಂದ, ಅದೂ ಹೊಸ ಲಾರಿಗಳಿಗೆ ಮಾತ್ರ. ಏಪ್ರಿಲ್ ಬಿಸಿಲಲ್ಲಿ ಎಂಜಿನ್ನಿನ ಮೇಲೆಯೇ ಕೂತಂತಿರುವ ಹಳೆಯ ಕ್ಯಾಬಿನ್ನಿನೊಳಗೆ ಹನ್ನೆರಡು ಗಂಟೆ ಕಳೆದವನಿಂದ ನಾವು ಚುರುಕುತನ ನಿರೀಕ್ಷಿಸುತ್ತೇವೆ.

ಅಪಘಾತವಾದ ಮೇಲೆ ಮಾಲೀಕನ ಪಾಲಿಗೆ ವಿಮೆ ಇದೆ, ಗುತ್ತಿಗೆದಾರನ ಹೆಸರು ಎಲ್ಲೂ ಬರುವುದಿಲ್ಲ, ಜೈಲಿಗೆ ಹೋಗುವವನು ಚಾಲಕ. ಇದು ಹೀಗೇ ಇರುವವರೆಗೆ ಸೈಡ್ ಗಾರ್ಡಿಗೆ ಬೋಲ್ಟು ಹಾಕಿಸುವ ಗರಜು ಯಾರಿಗೂ ಇರುವುದಿಲ್ಲ.

ಗುಂಡಿ ತಪ್ಪಿಸಲು ಹೋಗಿ ಲಾರಿಗೆ ಸಿಕ್ಕರೆ ಯಾರ ಹೊಣೆ?

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 198ಎ ಸೆಕ್ಷನ್ ಪ್ರಕಾರ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯಲ್ಲಿ ಮಾನಕ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಸಂಬಂಧಪಟ್ಟ ಸಂಸ್ಥೆ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆದ್ದರಿಂದ ದೂರಿನಲ್ಲಿ ಗುಂಡಿಯನ್ನು ಉಲ್ಲೇಖಿಸಿ, ಅದನ್ನು ಮುಚ್ಚುವ ಮೊದಲೇ ಫೋಟೊ ತೆಗೆದಿಡಿ. ಸಾವಿನ ಮರುದಿನ ಡಾಂಬರು ಬೀಳುವುದು ನಮ್ಮಲ್ಲಿ ಹೊಸತಲ್ಲ.

ಕಣ್ಣೆದುರೇ ಯಾರಾದರೂ ಲಾರಿಯಡಿ ಸಿಲುಕಿದರೆ ಮೊದಲು ಏನು ಮಾಡಬೇಕು?

ಲಾರಿಯನ್ನು ಅಲುಗಿಸಲು ಬಿಡಬೇಡಿ. ಗಾಬರಿಯಲ್ಲಿ ಹಿಂದಕ್ಕೋ ಮುಂದಕ್ಕೋ ತೆಗೆದರೆ ಚಕ್ರ ಎರಡನೇ ಸಲ ಹರಿಯುತ್ತದೆ. ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿಸಿ, ಚಕ್ರಕ್ಕೆ ಕಲ್ಲು ಕೊಡಿ. 112ಕ್ಕೆ ಕರೆ ಮಾಡಿ ‘ಚಕ್ರದಡಿ ಸಿಲುಕಿದ್ದಾರೆ’ ಎಂದೇ ಹೇಳಿ, ಎತ್ತುವ ಸಲಕರಣೆಯೂ ಬರಬೇಕಾಗುತ್ತದೆ. ಆಂಬುಲೆನ್ಸ್‌ಗೆ 108. ರಕ್ತ ಸುರಿಯುತ್ತಿರುವ ಜಾಗವನ್ನು ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ, ಕೈಕಾಲು ಹಿಡಿದು ಎಳೆಯಬೇಡಿ.

ಚಾಲಕನನ್ನು ಹೊಡೆಯಬೇಡಿ. ಗಾಯಾಳುವಿಗೆ ನೆರವಾಗುವುದು ಕಾಯ್ದೆಯ ಪ್ರಕಾರ ಅವನ ಕರ್ತವ್ಯ, ಆದರೆ ಗುಂಪಿನ ಆಕ್ರೋಶ ಇದ್ದರೆ ಅದೇ ಕಾಯ್ದೆ ಅವನಿಗೆ ವಿನಾಯಿತಿ ಕೊಡುತ್ತದೆ. ನಾಲ್ಕು ಏಟು ಬೀಳುತ್ತದೆಂದು ಗೊತ್ತಿರುವುದರಿಂದಲೇ ಎಷ್ಟೋ ಮಂದಿ ಓಡಿಹೋಗುತ್ತಾರೆ.

ನೆರವಿಗೆ ಹೋದರೆ ಪೊಲೀಸ್ ಠಾಣೆ ಅಲೆಯಬೇಕಾಗುತ್ತದೆಯೇ?

ಇಲ್ಲ. ಕರ್ನಾಟಕ 2016ರಲ್ಲೇ ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿದೆ. ಕೇಂದ್ರದ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಕೂಡ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಕೊಡಲು ಒತ್ತಾಯಿಸುವಂತಿಲ್ಲ.

ಆಸ್ಪತ್ರೆಯ ಖರ್ಚಿಗೆ ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?

2025ರ ಮೇ 5ರಂದು ಜಾರಿಗೆ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ ಒಬ್ಬ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಚಿಕಿತ್ಸೆ ಇದೆ. ಇದಕ್ಕೂ ಒಂಬತ್ತು ವರ್ಷ ಮೊದಲು ಕರ್ನಾಟಕದಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂತು: ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ. ಆ ಹೆಸರಿನ ಹಿಂದೆಯೂ ಒಂದು ಲಾರಿ ಇದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿದ್ದ ಹರೀಶ್ ಎಂಬ ಯುವಕ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡು ಸತ್ತ.

ಪರಿಹಾರ ಪಡೆಯುವುದು ಹೇಗೆ?

ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕೊಡಬೇಕು, 90 ದಿನಗಳಲ್ಲಿ ವಿವರವಾದ ವರದಿ. 166ನೇ ಸೆಕ್ಷನ್ ಅಡಿ ಅರ್ಜಿ ಹಾಕಲು ಆರು ತಿಂಗಳ ಗಡುವು 2022ರ ಏಪ್ರಿಲ್ 1ರಿಂದ ಇದೆ. ಈ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ, ಆದರೆ ಅದನ್ನು ನಂಬಿ ಕೂರಬೇಡಿ. ಯಾರ ತಪ್ಪು ಎಂದು ಸಾಬೀತುಪಡಿಸದೆಯೇ 164ನೇ ಸೆಕ್ಷನ್ ಅಡಿ ಸಾವಿಗೆ ಐದು ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿಯೂ ಇದೆ. ಗುದ್ದಿ ಪರಾರಿಯಾದ ಗಾಡಿ ಪತ್ತೆಯಾಗದಿದ್ದರೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000.

ಆದಾಯದ ದಾಖಲೆ ಇಲ್ಲದ ಗಾರೆ ಕೆಲಸದವರು, ಮನೆಗೆಲಸದವರು, ಹೂ ಮಾರುವವರ ಕುಟುಂಬಗಳಿಗೆ 166ರ ಅಡಿ ಸಿಗುವ ಮೊತ್ತ ಕುಗ್ಗುವುದು ಆ ದಾಖಲೆಯ ಕೊರತೆಯಿಂದಲೇ. ಬ್ಯಾಂಕ್ ಪಾಸ್‌ಬುಕ್, ಯುಪಿಐ ಲೆಕ್ಕ, ಮೇಸ್ತ್ರಿಯ ಚೀಟಿ, ಸಿಕ್ಕಿದ್ದನ್ನೆಲ್ಲ ಜೋಪಾನವಾಗಿಡಿ.

ಚಾಲಕನಿಗೆ ಎಷ್ಟು ಶಿಕ್ಷೆ?

ಭಾರತೀಯ ನ್ಯಾಯ ಸಂಹಿತೆಯ 106(1) ಪ್ರಕಾರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಐದು ವರ್ಷದವರೆಗೆ ಜೈಲು. ತಿಳಿಸದೆ ಓಡಿಹೋದವರಿಗೆ ಹತ್ತು ವರ್ಷದವರೆಗೆ ಎನ್ನುವ 106(2)ರ ವಿರುದ್ಧ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯನ್ನು ತಡೆಹಿಡಿಯಲಾಯಿತು.

ಬೇರೆ ಊರುಗಳಲ್ಲಿ ಏನು ಮಾಡಿದ್ದಾರೆ?

ಲಂಡನ್ 12 ಟನ್ ಮೀರಿದ ಲಾರಿಗಳಿಗೆ ಪರವಾನಗಿ ಕಡ್ಡಾಯ ಮಾಡಿತು. ಕ್ಯಾಬಿನ್ನಿನಿಂದ ನೇರವಾಗಿ ಎಷ್ಟು ಕಾಣುತ್ತದೆ ಎಂಬುದರ ಮೇಲೆ ಅಂಕ ಕೊಡುತ್ತಾರೆ. 2024ರ ಅಕ್ಟೋಬರಿನಿಂದ ಮೂರು ನಕ್ಷತ್ರ ಬೇಕು, ಇಲ್ಲವಾದರೆ ಕ್ಯಾಮೆರಾ, ಸಂವೇದಕಗಳನ್ನು ಅಳವಡಿಸಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಲಾರಿಗಳಲ್ಲೂ ಪಕ್ಕದ ಸೈಕಲ್ ಸವಾರ, ಪಾದಚಾರಿಗಳನ್ನು ಗುರುತಿಸಿ ಎಚ್ಚರಿಸುವ ಸಾಧನ ಇರಲೇಬೇಕು. ಲಂಡನ್ನಿನಷ್ಟು ಹಣ ನಮ್ಮಲ್ಲಿಲ್ಲ ಎನ್ನುವವರಿಗೆ ಒಂದು ಮಾತು: ಪಾಲಿಕೆಗಳು, ಮೆಟ್ರೊ, ಜಲಮಂಡಳಿ ಇವೇ ಅತಿ ಹೆಚ್ಚು ಲಾರಿ ಕೆಲಸ ಮಾಡಿಸುವ ಸಂಸ್ಥೆಗಳು. ಸೈಡ್ ಗಾರ್ಡ್ ಮತ್ತು ಎಡಗಡೆಯ ಕ್ಯಾಮೆರಾ ಇಲ್ಲದ ಗಾಡಿಗೆ ಬಿಲ್ ಪಾಸು ಮಾಡುವುದಿಲ್ಲ ಎಂದು ಟೆಂಡರಿನಲ್ಲಿ ಒಂದು ಸಾಲು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ.

ನಮ್ಮ ಬೀದಿಯಲ್ಲೇ ಟಿಪ್ಪರುಗಳು ಓಡುತ್ತವೆ. ದೂರು ಹೇಗೆ ಕೊಡುವುದು?

‘ಲಾರಿಗಳ ಹಾವಳಿ’ ಎಂದು ಬರೆದರೆ ಕಡತ ಅಲ್ಲೇ ನಿಲ್ಲುತ್ತದೆ. ದಿನಾಂಕ, ಹೊತ್ತು, ನೋಂದಣಿ ಸಂಖ್ಯೆ, ಗಾಡಿಯ ಮೈಮೇಲೆ ಬರೆದ ಕ್ರಷರ್ ಅಥವಾ ಮಿಕ್ಸರ್ ಕಂಪನಿಯ ಹೆಸರು, ಅದು ಯಾವ ಕಟ್ಟಡಕ್ಕೆ ಹೋಗುತ್ತಿತ್ತು ಎಂಬುದನ್ನು ಬರೆಯಿರಿ. ಹಿಂದಿನ ಸಂಖ್ಯಾಫಲಕಕ್ಕೆ ಕೆಸರು ಮೆತ್ತಿದ್ದರೆ ಬಾಗಿಲ ಪಕ್ಕದಲ್ಲಿ ಬಣ್ಣದಲ್ಲಿ ಬರೆದ ಸಂಖ್ಯೆ ನೋಡಿ. ಸೈಡ್ ಗಾರ್ಡ್ ಇಲ್ಲದಿರುವುದು, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ಪ್ರತಿಫಲಕ ಪಟ್ಟಿ ಇಲ್ಲದಿರುವುದು ಕಾಣುವಂತೆ ಫೋಟೊ ತೆಗೆಯಿರಿ. ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲಿ ಹಾಕಿ, ಒಂದು ಪ್ರತಿಯನ್ನು ಆರ್‌ಟಿಒಗೆ, ಇನ್ನೊಂದನ್ನು ಕಟ್ಟಡದ ಮಾಲೀಕರಿಗೆ ಕೊಡಿ. ಮೂವರಲ್ಲಿ ಬೇಗ ಓಗೊಡುವವರು ಬಹುತೇಕ ಕಟ್ಟಡದ ಮಾಲೀಕರೇ, ಏಕೆಂದರೆ ಕೆಲಸ ನಿಂತರೆ ನಷ್ಟ ಅವರದು.